ಗ್ಯಾಲರಿಯಲ್ಲಿ ಮಕ್ಕಳೂ ಇದ್ದಾರೆ

ಮಕ್ಕಳನ್ನು ಕರೆದುಕೊಂಡು ಐಪಿಎಲ್ ಮ್ಯಾಚ್‌ಗೆ ಹೋದವರಿಗೆ ಗ್ಯಾಲರಿಯ ಬೈಗುಳದ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಕೆಲವು ಓವರ್ ಹಬ್ಬದ ಹಾಗೆ ಇರುತ್ತದೆ. ಬಾವುಟ, ಕೂಗು, ಕುಣಿತ, ಪಕ್ಕದವರು ಯಾರೋ ಏನೋ ಗೊತ್ತಿಲ್ಲದಿದ್ದರೂ ಸಿಕ್ಸ್ ಹೋದಾಗ ಕೈಗೆ ಕೈ ತಟ್ಟುವುದು. ಆಮೇಲೆ ನಮ್ಮ ಬೌಲರ್‌ಗೆ ಹೊಡೆತ ಬೀಳಲು ಶುರುವಾಗುತ್ತದೆ. ಹಿಂದಿನ ಸಾಲಿನಿಂದ ಬರುವ ಮಾತು ಬದಲಾಗುತ್ತದೆ. ಮೊದಲು ಬೌಲರ್‌ಗೆ ಬೈಗುಳ, ಆಮೇಲೆ ಅವನ ಅಮ್ಮನಿಗೆ, ಆಮೇಲೆ ಅಕ್ಕತಂಗಿಯರಿಗೆ. ಕನ್ನಡ, ಹಿಂದಿ, ಇಂಗ್ಲಿಷ್, ತಮಿಳು, ಎಲ್ಲ ಭಾಷೆಯಲ್ಲೂ. ಒಬ್ಬ ಶುರು ಮಾಡಿದರೆ ಅವನ ಗುಂಪಿನಲ್ಲಿ ಇನ್ನೂ ಮೂವರು ಸೇರಿಕೊಳ್ಳುತ್ತಾರೆ.

ನಾನು ಮಡಿವಂತೆಯಲ್ಲ. ಕ್ರಿಕೆಟ್ ಹುಚ್ಚು ನನಗೂ ಜೋರಾಗಿಯೇ ಇದೆ. ಕ್ಯಾಚ್ ಬಿಟ್ಟರೆ ನಾನೂ ಕೂಗುತ್ತೇನೆ, ಅಂಪೈರ್ ಮೇಲೆ ರೇಗುತ್ತೇನೆ, ಎದುರಾಳಿ ಬ್ಯಾಟರ್ ಔಟಾದರೆ "ನಡಿ ನಡಿ ಮನೆಗೆ" ಅಂತ ಕೈ ಬೀಸುತ್ತೇನೆ. ಅದು ಆಟದ ಭಾಗ. ಅದಿಲ್ಲದಿದ್ದರೆ ಸ್ಟೇಡಿಯಂಗೆ ಹೋಗುವುದೇ ಬೇಡ. ನಾನು ಹೇಳುತ್ತಿರುವುದು ಬೇರೆ. ನಾಲ್ಕು ಗಂಟೆ ಒಂದೇ ಸೀಟಿನಲ್ಲಿ ಕೂತಿರುವ, ಎದ್ದು ಬೇರೆ ಕಡೆ ಹೋಗಲು ಆಗದ ಮಗುವಿನ ಕಿವಿಯ ಪಕ್ಕದಲ್ಲೇ ಹೊಲಸು ಮಾತು ಕೂಗುವುದರ ಬಗ್ಗೆ.

ರಸ್ತೆಯಲ್ಲಿ ಯಾರೋ ಬೈದಾಡಿದರೆ ಮಗುವಿನ ಕೈ ಹಿಡಿದು ಮುಂದೆ ನಡೆಯಬಹುದು. ಪಾರ್ಕಿನಲ್ಲಾದರೆ ಬೇರೆ ಬೆಂಚು ಇರುತ್ತದೆ. ಸ್ಟೇಡಿಯಂನಲ್ಲಿ ಸೀಟಿಗೆ ನಂಬರ್ ಇದೆ. ಸಾವಿರಗಟ್ಟಲೆ ಕೊಟ್ಟು ತೆಗೆದುಕೊಂಡ ಟಿಕೆಟ್ ಅದು, ಬಿಟ್ಟು ಎದ್ದರೆ ಇನ್ನೊಂದು ಸಿಗುವುದಿಲ್ಲ.

ಒಂದು ಮ್ಯಾಚ್‌ನಲ್ಲಿ ಬೌಂಡರಿ ಹತ್ತಿರ ನಿಂತಿದ್ದ ಫೀಲ್ಡರ್‌ಗೆ ನಮ್ಮ ಹಿಂದಿನವರು ಒಂದೇ ಸಮನೆ ತಾಯಿಯ ಹೆಸರಲ್ಲಿ ಬೈಯುತ್ತಿದ್ದರು. ಮಗಳಿಗೆ ಆಗ ಒಂಬತ್ತು ವರ್ಷ. "ಅಮ್ಮಾ, ಅವರ ಅಮ್ಮ ಏನ್ ಮಾಡಿದ್ರು?" ಅಂತ ಕೇಳಿದಳು. ಏನು ಉತ್ತರ ಕೊಡಲಿ? ಏನೂ ಮಾಡಿಲ್ಲ ಕಂದಾ, ಇವರಿಗೆ ಸಿಟ್ಟು ಬಂದಿದೆ ಅಷ್ಟೇ ಅಂದೆ. ಸಿಟ್ಟು ಬಂದರೆ ಅಮ್ಮಂದಿರನ್ನು ಬೈಯಬೇಕು ಅನ್ನುವ ಪಾಠವೇ ಅವಳ ತಲೆಗೆ ಹೋಗಿರುತ್ತದೆ, ಅಲ್ವಾ?

ಈ ತಾಯಿ, ಅಕ್ಕ, ತಂಗಿಯರನ್ನು ಎಳೆದು ತರುವ ಬೈಗುಳ ಎಷ್ಟು ನೋಯಿಸುತ್ತದೆ ಅನ್ನುವುದಕ್ಕೆ ಆರ್‌ಸಿಬಿ ಅಭಿಮಾನಿಗಳು ದೂರ ಹುಡುಕಬೇಕಾಗಿಲ್ಲ. 2012ರ ಜನವರಿಯಲ್ಲಿ ಸಿಡ್ನಿ ಟೆಸ್ಟ್ ನಡೆಯುವಾಗ ವಿರಾಟ್ ಕೊಹ್ಲಿ ಪ್ರೇಕ್ಷಕರ ಕಡೆ ನಡುಬೆರಳು ತೋರಿಸಿದ್ದು ನೆನಪಿರಬಹುದು. ಪಂದ್ಯದ ಸಂಭಾವನೆಯಲ್ಲಿ ಅರ್ಧ ದಂಡವಾಗಿ ಹೋಯಿತು. ಆಮೇಲೆ ಅವರು ಹೇಳಿದ್ದು ಇಷ್ಟೇ: ಆಟಗಾರ ತಿರುಗಿ ಪ್ರತಿಕ್ರಿಯೆ ಕೊಡಬಾರದು, ಒಪ್ಪುತ್ತೇನೆ, ಆದರೆ ಅಮ್ಮ, ಅಕ್ಕನ ಬಗ್ಗೆ ಅಷ್ಟು ಕೆಟ್ಟದಾಗಿ ಮಾತಾಡಿದರೆ ಏನು ಮಾಡಬೇಕು? ಆಗ ಅವರಿಗೆ 23 ವರ್ಷ. ಆ ಹುಡುಗನಿಗೆ ನೋವಾಗಿತ್ತು. ಇವತ್ತು ಅವರದೇ 18 ನಂಬರಿನ ಜೆರ್ಸಿ ಹಾಕಿಕೊಂಡು ಕೂತವರು ಬೌಂಡರಿಯಲ್ಲಿ ನಿಂತ ಬೇರೆ ಯಾರ ಮನೆಯ ಹುಡುಗನಿಗೋ ಅದೇ ಮಾತು ಅನ್ನುತ್ತಾರೆ. ನನಗೆ ಅತಿ ಜಾಸ್ತಿ ಬೇಜಾರಾಗುವುದು ಇಲ್ಲಿಯೇ.

ಮೈದಾನದಲ್ಲಿರುವವರ ಬಾಯಿಯೂ ಶುದ್ಧವಾಗಿಲ್ಲ ಅನ್ನುವುದು ನಿಜ. ವಿಕೆಟ್ ಬಿದ್ದಾಗ ಕೊಹ್ಲಿ ಬಾಯಿಂದ ಬಂದದ್ದನ್ನು ಕ್ಯಾಮೆರಾ ಎಷ್ಟೋ ಸಲ ಹಿಡಿದಿದೆ, ಚಿಕ್ಕ ಹುಡುಗರು ತುಟಿ ನೋಡಿಯೇ ಕಲಿತುಬಿಡುತ್ತಾರೆ. 2024ರ ಫೆಬ್ರವರಿಯಲ್ಲಿ ವಿಶಾಖಪಟ್ಟಣದ ಟೆಸ್ಟ್‌ನಲ್ಲಿ ರೋಹಿತ್ ಶರ್ಮಾ ತಮ್ಮ ಫೀಲ್ಡರ್‌ಗಳಿಗೆ ಗಾರ್ಡನ್‌ನಲ್ಲಿ ತಿರುಗಾಡುವವರ ಹಾಗೆ ಇರಬೇಡಿ ಅಂತ ಬೈದದ್ದು ಸ್ಟಂಪ್ ಮೈಕ್‌ನಲ್ಲಿ ಕೇಳಿಸಿತು. ಅದರ ಕೊನೆಯ ಬೈಗುಳದ ಸಮೇತ ದೇಶವೆಲ್ಲ ನಕ್ಕು ಹಂಚಿಕೊಂಡಿತು. ಆದರೂ ಆಟಗಾರರಿಗೆ ಒಂದು ನಿಯಮ ಅಂತ ಇದೆ. ಅಂತಾರಾಷ್ಟ್ರೀಯ ಪಂದ್ಯದಲ್ಲಿ ಬೇರೆಯವರಿಗೆ ಕೇಳಿಸುವಂತೆ ಅಶ್ಲೀಲ ಮಾತಾಡಿದರೆ ಐಸಿಸಿ ನಡವಳಿಕೆ ಸಂಹಿತೆಯ 2.3ನೇ ವಿಧಿ ಪ್ರಕಾರ ಅದು ತಪ್ಪು, ಎಚ್ಚರಿಕೆಯಿಂದ ಹಿಡಿದು ಸಂಭಾವನೆಯ ಅರ್ಧದವರೆಗೆ ದಂಡ ಹಾಕಬಹುದು. ಬೌಂಡರಿ ಹಗ್ಗದ ಒಳಗೆ ಇಷ್ಟಾದರೂ ಇದೆ. ಹಗ್ಗದ ಈಚೆ?

ಈಚೆ ಕಾನೂನು ಇದೆ, ಆದರೆ ಅದು ಈ ಕೆಲಸಕ್ಕೆ ಬರುವಂಥದ್ದಲ್ಲ. ಮೊದಲು ಭಾರತೀಯ ದಂಡ ಸಂಹಿತೆಯ (ಐಪಿಸಿ) 294ನೇ ಸೆಕ್ಷನ್ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 296ನೇ ಸೆಕ್ಷನ್ ಬಂದಿದೆ. ಸಾರ್ವಜನಿಕ ಸ್ಥಳದಲ್ಲಿ ಬೇರೆಯವರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಮಾತಾಡಿದರೆ ಮೂರು ತಿಂಗಳವರೆಗೆ ಜೈಲು, ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಓದಲು ಗಟ್ಟಿಯಾಗಿದೆ. ಆದರೆ ಬರೀ ಬೈಗುಳ, ಅವಮಾನದ ಮಾತು ಇದ್ದರೆ ಸಾಲದು, ಅದು ಕಾಮಪ್ರಚೋದಕವಾಗಿರಬೇಕು ಅಂತ ಸುಪ್ರೀಂ ಕೋರ್ಟ್ ಹಳೆಯ 294ರ ಬಗ್ಗೆ 2022ರಲ್ಲಿ ಹೇಳಿದೆ. 2024ರಲ್ಲಿ ಒಂದು ವೆಬ್ ಸರಣಿಯ ಪ್ರಕರಣದಲ್ಲೂ ಬೈಗುಳ ಎಷ್ಟೇ ಕೀಳಾಗಿದ್ದರೂ ಅದಷ್ಟಕ್ಕೇ ಅಶ್ಲೀಲ ಆಗುವುದಿಲ್ಲ ಅಂದಿತು. ಎದುರಿಗಿರುವ ಹೆಣ್ಣುಮಗಳನ್ನೇ ಗುರಿ ಮಾಡಿ ಅವಳ ಮಾನಕ್ಕೆ ಕೈ ಹಾಕುವಂತೆ ಮಾತಾಡಿದರೆ ಅದು ಬೇರೆ, ಅದಕ್ಕೆ ಇದೇ ನ್ಯಾಯ ಸಂಹಿತೆಯ 79ನೇ ಸೆಕ್ಷನ್ ಇದೆ, ಮೂರು ವರ್ಷದವರೆಗೆ ಶಿಕ್ಷೆ ಆಗಬಹುದು.

ಕೋರ್ಟ್ ಹೇಳಿದ್ದು ನನಗೆ ಸರಿ ಅನ್ನಿಸುತ್ತದೆ. ಬಾಯಿ ಜಾರಿದ ಕಾಲೇಜು ಹುಡುಗನನ್ನು ಜೈಲಿಗೆ ಕಳಿಸುವುದು ಯಾರಿಗೂ ಬೇಕಾಗಿಲ್ಲ. ಅವನು ಸುಮ್ಮನಾಗಬೇಕು ಅಷ್ಟೇ.

"ನಮ್ಮಲ್ಲಿ ಬೈಗುಳ ಮೊದಲಿನಿಂದಲೂ ಇದೆ" ಅಂತ ಒಂದು ವಾದ ಬರುತ್ತದೆ. ಇದೆ, ಯಾರು ಇಲ್ಲ ಅಂದರು? ಹಳ್ಳಿಯಲ್ಲಿ ಗೆಳೆಯರು ಬೈಗುಳದಿಂದಲೇ ಮಾತು ಶುರು ಮಾಡುತ್ತಾರೆ, ಅದರಲ್ಲಿ ಸಲಿಗೆ ಇದೆ. ಉತ್ತರ ಕರ್ನಾಟಕದ ಕಡೆ ಹೋಳಿ ಹುಣ್ಣಿಮೆಗೆ ಬಾಯಿ ಬಡಿದುಕೊಂಡು ಲಬೋ ಲಬೋ ಅಂತ ಕೂಗುತ್ತಾರೆ, ಪೋಲಿ ಹಾಡು ಹಾಡುತ್ತಾರೆ. ಆದರೆ ಅದಕ್ಕೆ ಒಂದು ದಿನ ಇದೆ, ಊರಿಗೆಲ್ಲ ಗೊತ್ತಿದೆ, ಕಾಮಣ್ಣನನ್ನು ಸುಟ್ಟು ಬಣ್ಣ ಆಡಿದ ಮೇಲೆ ಮುಗಿಯಿತು. ಹಾಗೆ ಬಾಯಿ ಬಡಿದುಕೊಂಡವರೇ ಮಾರನೆಯ ದಿನ ದೊಡ್ಡವರ ಎದುರು ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ. ಎಲ್ಲಿ, ಯಾರ ಮುಂದೆ, ಯಾವಾಗ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಇದು ಸ್ಟೇಡಿಯಂಗೆ ಬರುವವರಿಗೂ ಗೊತ್ತು. ಅದು ನನಗೆ ಖಾತ್ರಿಯಾದದ್ದು 2024ರ ಫೆಬ್ರವರಿಯಲ್ಲಿ, ಹೆಂಗಸರ ಐಪಿಎಲ್ ಆದ ಡಬ್ಲ್ಯೂಪಿಎಲ್ ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂಗೆ ಬಂದಾಗ. ಯುಪಿ ವಾರಿಯರ್ಸ್ ಎದುರು ಆಶಾ ಶೋಭನಾ ಐದು ವಿಕೆಟ್ ತೆಗೆದು ಆರ್‌ಸಿಬಿ ಎರಡೇ ರನ್‌ನಿಂದ ಗೆದ್ದ ಪಂದ್ಯ ನೆನಪಿದೆಯಾ? ಅದೇ ಊರಿನ ಜನ, ಅದೇ ಕೆಂಪು ಜೆರ್ಸಿ, ಅದೇ "ಆರ್‌ಸಿಬಿ ಆರ್‌ಸಿಬಿ" ಕೂಗು, ಗಂಟಲು ಕಿತ್ತುಹೋಗುವ ಹಾಗೆ. ಕೊನೆಯ ಓವರಿನಲ್ಲಿ ಎದೆ ಬಡಿತ ಯಾವ ಗಂಡಸರ ಮ್ಯಾಚ್‌ಗೂ ಕಡಿಮೆ ಇರಲಿಲ್ಲ. ಆ ಸೀಸನ್ನಿನಲ್ಲಿ ನಾವು ಕೂತ ಕಡೆ ತಾಯಿ ಎತ್ತಿ ಬೈದವರನ್ನು ನಾನು ಕೇಳಲಿಲ್ಲ. ಕೆಟ್ಟ ಫೀಲ್ಡಿಂಗ್‌ಗೆ "ಅಯ್ಯೋ!" ಅಂದರು, ತಲೆ ಚಚ್ಚಿಕೊಂಡರು, ಮುಂದಿನ ಬಾಲ್‌ಗೆ ಮತ್ತೆ ಚಪ್ಪಾಳೆ. ಸುತ್ತ ಅಜ್ಜಿಯರು, ಸ್ಕೂಲ್ ಹುಡುಗಿಯರು, ಅಪ್ಪನ ಹೆಗಲ ಮೇಲೆ ಕೂತ ಮಕ್ಕಳು. ಹುಡುಗರ ಗುಂಪುಗಳೂ ಬಂದಿದ್ದವು, ಐಪಿಎಲ್‌ಗೆ ಬರುವಂಥವೇ. ಅವರು ಬೇಕಂತಲೇ ಬಾಯಿ ಬಿಗಿ ಹಿಡಿದಿದ್ದರು ಅಂತ ಅನ್ನಿಸಲಿಲ್ಲ, ಆ ಗುಂಪಿನಲ್ಲಿ ಆ ಮಾತು ಬಾಯಿಗೇ ಬರಲಿಲ್ಲ. ನನ್ನ ಮಗಳು ಶ್ರೇಯಾಂಕಾ ಪಾಟೀಲ್ ಹೆಸರು ಕೂಗಿ ಕೂಗಿ ಆಮೇಲೆ ದನಿಯೇ ಹೊರಡದೆ ಸ್ಕೂಲಿಗೆ ಹೋದಳು.

ಅಂದಮೇಲೆ "ಕ್ರಿಕೆಟ್ ಅಂದರೆ ಹಾಗೇನೇ, ಆವೇಶದಲ್ಲಿ ಬಂದುಬಿಡುತ್ತದೆ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಊರಿನ ಪ್ರೇಕ್ಷಕರು ದೊಡ್ಡ ಮನಸ್ಸಿನವರು. 2015ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಎ.ಬಿ. ಡಿವಿಲಿಯರ್ಸ್ ತಮ್ಮ ನೂರನೇ ಟೆಸ್ಟ್ ಇಲ್ಲೇ ಆಡಿದರು, ಅದೂ ಭಾರತದ ವಿರುದ್ಧ. ಅವರು ಬ್ಯಾಟ್ ಹಿಡಿದು ಇಳಿದಾಗ ಇಡೀ ಸ್ಟೇಡಿಯಂ "ಎಬಿಡಿ ಎಬಿಡಿ" ಅಂತ ಕೂಗಿತು. ಎದುರಾಳಿಯನ್ನು ಹೀಗೆ ತಲೆ ಮೇಲೆ ಹೊತ್ತುಕೊಳ್ಳುವ ಜನ ಬೌಂಡರಿಯ ಹುಡುಗನ ಅಮ್ಮನನ್ನು ಬಿಟ್ಟುಬಿಡಲಾರರಾ?

ಇನ್ನು, ಬೈಯುವವರಿಗೆ ಹೇಳುವುದು ಹೇಗೆ ಅನ್ನುವ ಮಾತು. ನಾನು ಹೇಳುತ್ತೇನೆ. ನನ್ನ ಗಂಡ ಹೇಳುವುದಿಲ್ಲ, ಗಂಡಸು ಗಂಡಸಿಗೆ ಹೇಳಿದರೆ ಅದು ಬೇಗ ಪ್ರತಿಷ್ಠೆಯ ಪ್ರಶ್ನೆಯಾಗಿ ಕಾಲರ್ ಹಿಡಿಯುವವರೆಗೂ ಹೋಗುತ್ತದೆ ಅನ್ನುವುದು ಅವರ ಲೆಕ್ಕ. ಅದು ಸರಿಯೂ ಇದೆ. ನಾನು ಕಂಡುಕೊಂಡದ್ದು, ಜೋರಾಗಿ ಬೈಯುತ್ತಿರುವವನಿಗೆ ನೇರ ಹೇಳಬಾರದು. ಅವನು ಬೈಯುತ್ತಿರುವುದು ಫೀಲ್ಡರ್‌ಗೆ ಕೇಳಲಿ ಅಂತ ಅಲ್ಲ, ಪಕ್ಕದ ಗೆಳೆಯರು ನಗಲಿ ಅಂತ. ಅವರ ಎದುರೇ ಅವನಿಗೆ ಬುದ್ಧಿ ಹೇಳಿದರೆ ಅವನು ಬಗ್ಗುವುದಿಲ್ಲ. ಆ ಗುಂಪಿನಲ್ಲಿ ಒಬ್ಬ ಸ್ವಲ್ಪ ಮುಜುಗರದಿಂದ ಕೂತಿರುತ್ತಾನೆ, ಯಾವಾಗಲೂ ಇರುತ್ತಾನೆ. ಓವರ್ ಮಧ್ಯೆ ಅವನ ಕಡೆ ತಿರುಗಿ, "ತಮ್ಮಾ, ಮಕ್ಕಳಿದ್ದಾರೆ, ನಿಮ್ಮ ಫ್ರೆಂಡ್‌ಗೆ ಸ್ವಲ್ಪ ಹೇಳಪ್ಪಾ" ಅಂದರೆ ಸಾಕು. "ಸಾರಿ ಆಂಟಿ" ಅನ್ನುತ್ತಾನೆ, ಗೆಳೆಯನ ತೊಡೆಗೆ ಮೆಲ್ಲಗೆ ಗುದ್ದುತ್ತಾನೆ. ಬಹಳ ಸಲ ಅಲ್ಲಿಗೆ ಮುಗಿಯುತ್ತದೆ. ಒಮ್ಮೆ ಅಂತೂ ಆ ಹುಡುಗರೇ ಆಮೇಲೆ ನನ್ನ ಮಗಳಿಗೆ ತಮ್ಮ ಬಾವುಟ ಕೊಟ್ಟು ಅಲ್ಲಾಡಿಸಲು ಹೇಳಿದರು.

"ಮನೇಲಿ ಟಿವಿ ಇಲ್ವಾ ಆಂಟಿ" ಅಂತ ಹೇಳಿಸಿಕೊಂಡದ್ದೂ ಇದೆ. ಟಿವಿ ಇದೆ. ಆದರೆ ಟಿವಿ ಮುಂದೆ ಹೋಗಿ ಕೂರಬೇಕಾದವರು ನಾವೇ ಯಾಕೆ? ಗ್ಯಾಲರಿಯಲ್ಲಿ ಬೈಗುಳ ಜಾಸ್ತಿಯಾದರೆ ಮೊದಲು ಬರುವುದು ನಿಲ್ಲಿಸುವವರು ಹೆಂಗಸರು, ಅವರ ಜೊತೆಗೆ ಮಕ್ಕಳು. ಅಪ್ಪಂದಿರು "ಮುಂದಿನ ಸಲ ನಾವು ಹುಡುಗರೇ ಹೋಗ್ತೀವಿ" ಅನ್ನುತ್ತಾರೆ. ಯಾರೂ ಜಗಳ ಮಾಡುವುದಿಲ್ಲ, ದೂರು ಕೊಡುವುದಿಲ್ಲ, ಸುಮ್ನೆ ಬರುವುದು ಬಿಡುತ್ತಾರೆ. ಆಮೇಲೆ ಗ್ಯಾಲರಿಯಲ್ಲಿ ಬರೀ ಗಂಡುಹುಡುಗರೇ ಉಳಿದು, ಬಾಯಿ ಇನ್ನಷ್ಟು ಹರಿಯುತ್ತದೆ.

ಎಲ್ಲವನ್ನೂ ಪಕ್ಕದ ಸೀಟಿನ ಅಮ್ಮಂದಿರ ಮೇಲೆ ಹಾಕುವುದೂ ನ್ಯಾಯವಲ್ಲ. ಪಂದ್ಯ ನಡೆಸುವವರು ಮಾಡಬಹುದಾದದ್ದು ಬೇಕಾದಷ್ಟಿದೆ. ಆಸ್ಟ್ರೇಲಿಯಾದ ದೊಡ್ಡ ಮೈದಾನಗಳಲ್ಲಿ ಸೀಟ್ ನಂಬರ್ ಮೆಸೇಜ್ ಮಾಡಿದರೆ ಸಿಬ್ಬಂದಿ ಬರುವ ವ್ಯವಸ್ಥೆ ಇದೆ, ಯಾರು ದೂರು ಕೊಟ್ಟರು ಅಂತ ಗೊತ್ತಾಗುವುದಿಲ್ಲ. 2021ರ ಜನವರಿಯಲ್ಲಿ ಸಿಡ್ನಿಯಲ್ಲೇ ಮೊಹಮ್ಮದ್ ಸಿರಾಜ್ ಆಟ ನಿಲ್ಲಿಸಿ ಗ್ಯಾಲರಿಯ ಕಡೆ ಕೈ ತೋರಿಸಿದಾಗ ಆರು ಜನರನ್ನು ಎಬ್ಬಿಸಿ ಹೊರಗೆ ಕಳಿಸಿದರು. ತಪ್ಪು ಮಾಡಿದವರು ಅವರಲ್ಲ ಅಂತ ಆಮೇಲೆ ವಿಚಾರಣೆಯಲ್ಲಿ ಗೊತ್ತಾಯಿತು, ಆದರೆ ಭಾರತದ ಆಟಗಾರರಿಗೆ ಜನಾಂಗೀಯ ನಿಂದನೆ ಆದದ್ದು ನಿಜ ಅಂತ ಕ್ರಿಕೆಟ್ ಆಸ್ಟ್ರೇಲಿಯಾ ಒಪ್ಪಿಕೊಂಡಿತು. ಅವಸರದಲ್ಲಿ ಸಿಕ್ಕವರನ್ನು ಎಬ್ಬಿಸಿದರೆ ಹೀಗೂ ಆಗುತ್ತದೆ, ಅದಕ್ಕೇ ಸೀಟ್ ನಂಬರ್ ಸರಿಯಾಗಿ ಹೇಳುವ ದಾರಿ ಬೇಕು. 2022ರಲ್ಲಿ ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿ ಭಾರತದ ಅಭಿಮಾನಿಗಳಿಗೆ ಕೆಟ್ಟದಾಗಿ ಬೈದ ಮೇಲೆ, ಕೆಲವೇ ದಿನದಲ್ಲಿ ನಡೆದ ಟಿ20 ಪಂದ್ಯಕ್ಕೆ ಮಫ್ತಿಯಲ್ಲಿ ಜನರನ್ನು ಗ್ಯಾಲರಿಯಲ್ಲಿ ಕೂರಿಸಿ ಪ್ರೇಕ್ಷಕರ ಮೇಲೆ ಕಣ್ಣಿಟ್ಟರು.

ನಮ್ಮಲ್ಲಿ ನೀರಿನ ಬಾಟಲಿ ಒಳಗೆ ಬಿಡುವುದಿಲ್ಲ, ಬೆಂಕಿಪೊಟ್ಟಣ ಬಿಡುವುದಿಲ್ಲ, ಗೇಟಿನಲ್ಲಿ ಜೇಬು ತಡಕಿ ನೋಡುತ್ತಾರೆ. ಇಷ್ಟು ಮಾಡಬಲ್ಲವರು ಪ್ರತಿ ಸ್ಟ್ಯಾಂಡಿನಲ್ಲಿ ಮಕ್ಕಳಿರುವ ಕುಟುಂಬಗಳಿಗೆ ಕೆಲವು ಸಾಲು ಬೇರೆ ಇಡಬಹುದು. ದೊಡ್ಡ ಪರದೆ ಮೇಲೆ ಮ್ಯಾಚ್ ಶುರುವಾಗುವ ಮೊದಲು ಒಬ್ಬ ಆಟಗಾರನ ಕೈಯಲ್ಲೇ ಕನ್ನಡದಲ್ಲಿ ಹೇಳಿಸಬಹುದು, ಕೂಗಿ, ಕುಣಿಯಿರಿ, ಅಮ್ಮಂದಿರನ್ನು ಬೈಯಬೇಡಿ ಅಂತ. ನೆಚ್ಚಿನ ಆಟಗಾರ ಹೇಳಿದರೆ ಕೇಳದೇ ಇರುತ್ತಾರಾ? ಕುಟುಂಬಗಳ ಸಾಲುಗಳಲ್ಲಿ ನಿಲ್ಲುವ ಸಿಬ್ಬಂದಿ ಆಟದ ಕಡೆ ಮುಖ ಮಾಡದೆ ಜನರ ಕಡೆ ಮುಖ ಮಾಡಿ ನಿಲ್ಲಬೇಕು. ಅವರಿಗೆ ಸರಿಯಾದ ಸಂಬಳ, ಊಟ, ಕೂರಲು ಜಾಗ ಕೊಡಬೇಕು. ಬಿಸಿಲಿನಿಂದ ರಾತ್ರಿವರೆಗೆ ನಿಂತು ಸುಸ್ತಾದ ಇಪ್ಪತ್ತರ ಹುಡುಗ ಐವತ್ತು ಜನರ ಗುಂಪಿಗೆ ಸುಮ್ಮನಿರಿ ಅಂತ ಹೇಗೆ ಹೇಳಿಯಾನು?

ಅದೆಲ್ಲ ಆಗುವವರೆಗೆ ಮಕ್ಕಳ ಜೊತೆ ಹೋಗುವವರು ಇಷ್ಟು ನೋಡಿಕೊಳ್ಳಿ. ಸಾಧ್ಯವಾದರೆ ಸಾಲಿನ ತುದಿಯ ಸೀಟು ತೆಗೆದುಕೊಳ್ಳಿ, ಎದ್ದು ಓಡಾಡಲು ಸುಲಭ. ಬೇಗ ಹೋಗಿ, ಹಿಂದಿನ ಸಾಲಿಗೆ ಬರುವವರ ಜೊತೆ ಮ್ಯಾಚ್ ಶುರುವಾಗುವ ಮೊದಲೇ ಎರಡು ಮಾತಾಡಿ, ಯಾವ ಊರು, ಯಾರು ಇಷ್ಟದ ಆಟಗಾರ ಅಂತ. ಮುಖಪರಿಚಯ ಆದ ಮಗುವಿನ ಮುಂದೆ ಜನ ತಾವಾಗಿಯೇ ಬಾಯಿ ಹಿಡಿದುಕೊಳ್ಳುತ್ತಾರೆ. ಹೇಳಿದರೂ ಕೇಳದೆ ನಿಮಗೇ ತಿರುಗಿ ಬೈದರೆ ವಾದಕ್ಕೆ ಇಳಿಯಬೇಡಿ. ಸಾಲು, ಸೀಟ್ ನಂಬರ್ ನೋಡಿಕೊಂಡು ಹತ್ತಿರದ ಪೊಲೀಸರಿಗೆ ಹೇಳಿ, ಮಹಿಳಾ ಪೊಲೀಸರಿದ್ದರೆ ಅವರಿಗೇ ಹೇಳಿ. ಇನ್ನಿಂಗ್ಸ್ ನಡುವಿನ ಬ್ರೇಕಿನಲ್ಲಿ ಹೇಳಿದರೆ ಕೇಳಿಸಿಕೊಳ್ಳಲು ಅವರಿಗೂ ಪುರುಸೊತ್ತು ಇರುತ್ತದೆ.