ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ

ಇವತ್ತು ದೊಡ್ಡಮ್ಮ ಫೋನಲ್ಲಿ "ಈ ಸಲ ಒಬ್ಬಟ್ಟು ಮಾಡಲ್ಲ ಕಣೆ, ತಿನ್ನೋರು ಯಾರಿದಾರೆ, ಅವನಿಗೆ ರಜಾನೇ ಇಲ್ವಂತೆ" ಅಂತಿದ್ರು. ಅಣ್ಣ ಆಗಲೇ ಟ್ರೇನ್ ಹತ್ತಾಗಿದೆ, ಸರ್‌ಪ್ರೈಸ್ ಅಂತೆ, ಅವರೊಬ್ರಿಗೆ ಬಿಟ್ಟು ಮನೆಮಂದಿಗೆಲ್ಲ ಗೊತ್ತು. ಅಮ್ಮ ಸುಮ್ನೆ "ಹೂಂ ಅಕ್ಕ" ಅಂತ ಕಣ್ಣೊರೆಸ್ಕೊಂಡ್ರು.

ಕಥೆಗಳಲ್ಲಿ ಡ್ರಾಮ್ಯಾಟಿಕ್ ಐರನಿ ಅಂತಾರಲ್ಲ, ಓದೋ ನಮಗೆ ಗೊತ್ತಿರೋದು ಕಥೆಯೊಳಗಿನೋರಿಗೆ ಗೊತ್ತಿಲ್ಲದೇ ಇರೋದು, ಇದೇ ಅದು.

ಕರ್ಣನ ಕಥೆ ನನ್ನ ಇಷ್ಟು ಕಾಡೋದೂ ಅದಕ್ಕೇ. ಕುಂತಿ ಮಗ ಅಂತ ನಮಗೆ ಮೊದಲಿಂದ ಗೊತ್ತು, ಭೀಮ ತುಂಬಿದ ಸಭೇಲಿ ಅವನನ್ನ ಸೂತಪುತ್ರ ಅಂತ ಹಂಗಿಸುವಾಗ ಅಯ್ಯೋ ನಿನ್ನ ಅಣ್ಣ ಕಣೋ ಅಂತ ಕೂಗೋಣ ಅನ್ಸುತ್ತೆ. ಆಮೇಲೆ ಯುದ್ಧಕ್ಕೆ ಮುಂಚೆ ಕೃಷ್ಣ ಕರ್ಣನಿಗೆ ನಿಜ ಹೇಳ್ಬಿಡ್ತಾನೆ. ಅಲ್ಲಿಂದ ಎಲ್ಲ ಬದಲು, ಈಗ ಕರ್ಣನಿಗೂ ಗೊತ್ತು ನಮಗೂ ಗೊತ್ತು, ಪಾಂಡವರಿಗೆ ಇನ್ನೂ ಗೊತ್ತಿಲ್ಲ. ಕೈಗೆ ಸಿಕ್ಕ ಧರ್ಮರಾಯನ್ನ, ಭೀಮನ್ನ, ನಕುಲ ಸಹದೇವರನ್ನ ಕೊಲ್ಲದೆ ಬಿಡ್ತಾನೆ, ಅವರಿಗೆ ಅದು ಬರೀ ಅವಮಾನ, ಅದರ ಹಿಂದಿರೋ ಕರುಳು ಕಾಣೋದು ನಮಗೊಬ್ರಿಗೇ.

ಧರ್ಮರಾಯನಿಗೆ ಗೊತ್ತಾಗೋದು ಎಲ್ಲ ಮುಗಿದು ತರ್ಪಣ ಬಿಡುವಾಗ. ಅಷ್ಟು ತಡವಾಗಿ ಬಾಯಿಬಿಟ್ಟ ಕುಂತಿ ಮೇಲೆ ನಂಗಿನ್ನೂ ಸಿಟ್ಟಿದೆ.