ಪಹಣಿ ಯಾರದ್ದೇ ಇರಲಿ, ಸ್ವಾಧೀನ ಯಾರದು?

ಅಮೆರಿಕದ ಸುಪ್ರೀಂ ಕೋರ್ಟಿನ ಬೂಮೆದಿಯನ್ ತೀರ್ಪನ್ನು ನನ್ನ ಜೂನಿಯರ್‌ಗಳಿಗೆಲ್ಲ ಓದಿಸುತ್ತೇನೆ. ದಾವಣಗೆರೆ ಕೋರ್ಟಿನಲ್ಲಿ ಚೆಕ್ ಬೌನ್ಸು, ಪಾಲುವಿಭಾಗದ ದಾವೆ ನಡೆಸುವವರಿಗೆ ಅಮೆರಿಕದ ತೀರ್ಪೇಕೆ ಎಂದು ಕೇಳುವವರಿದ್ದಾರೆ. ರಾತ್ರಿ ಪೊಲೀಸರು ಕರೆದೊಯ್ದ ಮಗನನ್ನು ಹುಡುಕಿಕೊಂಡು ಬರುವ ತಾಯಿ ಮೊದಲು ನಿಲ್ಲುವುದು ನಮ್ಮ ಮೇಜಿನ ಮುಂದೆಯೇ. ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತಂದು ಕಾರಣ ಹೇಳಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿಗೆ ಬೆಂಗಳೂರಿನ ಹೈಕೋರ್ಟಿಗೆ ಹೋಗಬೇಕು, ಅದು ಆಮೇಲಿನ ಮಾತು.

ಲಖ್ದಾರ್ ಬೂಮೆದಿಯನ್ ಅಲ್ಜೀರಿಯಾದಲ್ಲಿ ಹುಟ್ಟಿ, ಬೋಸ್ನಿಯಾದಲ್ಲಿ ರೆಡ್ ಕ್ರೆಸೆಂಟ್ ಕೆಲಸದಲ್ಲಿದ್ದವರು. ಅಮೆರಿಕದ ರಾಯಭಾರ ಕಚೇರಿಗೆ ಬಾಂಬಿಡುವ ಸಂಚೆಂದು 2001ರಲ್ಲಿ ಹಿಡಿದರು. ಸಾಕ್ಷ್ಯ ಸಾಲದೆಂದು ಅಲ್ಲಿನ ಕೋರ್ಟು ಬಿಡಲು ಹೇಳಿದರೂ ಅಮೆರಿಕದ ಕೈಗೊಪ್ಪಿಸಿದರು. ಅಲ್ಲಿಂದ ಗ್ವಾಂಟನಾಮೊ, ಅಮೆರಿಕದ ನೌಕಾನೆಲೆಯ ಸೆರೆಮನೆ. ಆ ಜಾಗ ಕ್ಯೂಬಾದ್ದು, 1903ರಿಂದ ನಮಗೆ ಬರೀ ಗುತ್ತಿಗೆ, ಖೈದಿಗಳೂ ವಿದೇಶಿಯರು, ಹಾಗಾಗಿ ನಮ್ಮ ಸಂವಿಧಾನ ಅಲ್ಲಿಗೆ ತಲುಪದು ಎಂದಿತು ಅಮೆರಿಕ ಸರ್ಕಾರ.

ಜಮೀನು ಕೇಸು ನಡೆಸುವವರಿಗೆ ಈ ವಾದದ ಬಣ್ಣ ತಕ್ಷಣ ತಿಳಿಯುತ್ತದೆ. ಪಹಣಿಯಲ್ಲಿ ಯಾರ ಹೆಸರಾದರೂ ಇರಲಿ, ಬೇಲಿ ಹಾಕಿ, ಬೀಗ ಜಡಿದು ಕೂತವರು ಯಾರು? 2008ರ ಜೂನ್ 12ರಂದು ನ್ಯಾಯಮೂರ್ತಿ ಕೆನಡಿ ಬರೆದ 5–4ರ ತೀರ್ಪು ನೋಡಿದ್ದೂ ಅದನ್ನೇ. ಹಿಡಿತ ಪೂರ್ತಿ ನಿಮ್ಮದು, ಆದ್ದರಿಂದ ಯಾಕೆ ಕೂಡಿಹಾಕಿದ್ದೀರೆಂದು ಕೋರ್ಟಿಗೆ ಹೇಳಿ.

"ಮೇಡಂ, ನಿಜವಾಗ್ಲೂ ಉಗ್ರರೇ ಆಗಿದ್ರೆ?" ಎಂದ ಒಬ್ಬ ಜೂನಿಯರ್. ಒಳ್ಳೆಯ ಪ್ರಶ್ನೆ. ಸುಪ್ರೀಂ ಕೋರ್ಟು ಯಾರನ್ನೂ ಬಿಡಿ ಎನ್ನಲಿಲ್ಲ, ವಿಚಾರಣೆ ಮಾಡಿ ಎಂದಿತು, ಅಷ್ಟೆ. ಅದೇ ನವೆಂಬರಿನಲ್ಲಿ ಕೆಳಗಿನ ಕೋರ್ಟು ಬೂಮೆದಿಯನ್ ಸೇರಿ ಆರು ಜನರ ದಾಖಲೆ ತೂಗಿತು. ಬಾಂಬಿನ ಆರೋಪವನ್ನು ಸರ್ಕಾರವೇ ಕೈಬಿಟ್ಟಿತ್ತು. ಐವರನ್ನು ಬಿಡಲು ಆದೇಶವಾಯಿತು, ಒಬ್ಬರ ಬಂಧನ ಸರಿ ಎಂದಾಯಿತು. ಬೂಮೆದಿಯನ್ 2009ರ ಮೇನಲ್ಲಿ ಫ್ರಾನ್ಸಿಗೆ ಹೋದರು. ಏಳು ವರ್ಷ! ಈ ತೂಗುವ ಕೆಲಸ ಮೊದಲೇ ಆಗಿದ್ದರೆ ಆ ವರ್ಷಗಳು ಅವರ ಮಕ್ಕಳಿಗೆ ಸಿಗುತ್ತಿದ್ದವು.

ನಾವೇನೂ ಮೇಲಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976ರ ಏಪ್ರಿಲ್ 28ರಂದು, ಯಾಕೆ ಕೂಡಿಹಾಕಿದ್ದೀರೆಂದು ಬಂಧಿತರು ಕೋರ್ಟಿನಲ್ಲಿ ಕೇಳುವಂತೆಯೇ ಇಲ್ಲ ಎಂದು ನಮ್ಮ ಸುಪ್ರೀಂ ಕೋರ್ಟಿನ ನಾಲ್ವರು ಬರೆದರು, ಅದೂ ನಮ್ಮದೇ ದೇಶದ ಪ್ರಜೆಗಳಿಗೆ. ಒಪ್ಪದ ನ್ಯಾಯಮೂರ್ತಿ ಖನ್ನಾ ಮುಖ್ಯ ನ್ಯಾಯಮೂರ್ತಿಯಾಗಲಿಲ್ಲ. ಆ ತೀರ್ಪನ್ನು ತಳ್ಳಿಹಾಕಲು 2017 ಬರಬೇಕಾಯಿತು.

ಜೀವ, ಸ್ವಾತಂತ್ರ್ಯದ ಹಕ್ಕು ಕೊಡುವ ನಮ್ಮ ಸಂವಿಧಾನದ 21ನೇ ವಿಧಿ ವಿದೇಶಿಯರನ್ನೂ ಕಾಯುತ್ತದೆ. ವೀಸಾ ಮುಗಿದು ಸಿಕ್ಕಿಬಿದ್ದವರ ಗೆಳೆಯರು ನಾನಿಲ್ಲದಾಗ ಬಂದರೆ, ನಾಳೆ ಬನ್ನಿ ಎನ್ನದೆ ಅವತ್ತೇ ಕಾಗದಪತ್ರ ತಗೊಂಡು ಬೆಂಗಳೂರಿನ ವಕೀಲರಿಗೆ ಫೋನ್ ಹಚ್ಚಿ ಎಂದು ಜೂನಿಯರ್‌ಗಳಿಗೆ ಹೇಳಿಟ್ಟಿದ್ದೇನೆ.