ಎರಡನೇ ಚಂದ್ರ ಮತ್ತು ನನ್ನ ಕಾರ್ಡು

ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಚಿಕ್ಕಪ್ಪನ ಮೆಸೇಜು ಬಂದು ಕೂತಿತ್ತು. "ಇವತ್ತು ಆಗಸ್ಟ್ 27. ರಾತ್ರಿ ಆಕಾಶದಲ್ಲಿ ಎರಡು ಚಂದ್ರ! ಮಂಗಳ ಗ್ರಹ ಹುಣ್ಣಿಮೆ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆ. ಈ ಜನ್ಮದಲ್ಲಿ ಮತ್ತೆ ನೋಡಲು ಸಿಗದು." ಮೇಲೆ ಎರಡು ಬಾಣದ ಗುರುತು. ವಾಟ್ಸಾಪ್‌ನಲ್ಲಿ ಆ ಗುರುತು ಇದ್ದರೆ ಮೆಸೇಜು ಕಡಿಮೆಯೆಂದರೂ ಐದು ಕೈ ದಾಟಿ ಬಂದಿದೆ ಎಂದರ್ಥ. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ಅಂದರೆ ಚಿಕ್ಕಪ್ಪ ನನಗೆಂದೇ ಕಷ್ಟಪಟ್ಟು ಕಳಿಸಿದ್ದರು.

ಈ ಮೆಸೇಜು ನನಗೆ ಹಳೇ ನೆಂಟ. ಆಗಸ್ಟ್ ಬಂತೆಂದರೆ ಇದೂ ಬರುತ್ತದೆ. ಮೂಲದಲ್ಲಿ ಸುಳ್ಳೂ ಅಲ್ಲ. 2003ರ ಆಗಸ್ಟ್ 27ರಂದು ಮಂಗಳ ನಿಜವಾಗಿಯೂ ಭೂಮಿಗೆ ತೀರಾ ಹತ್ತಿರ ಬಂದಿತ್ತು. ಸುಮಾರು 60,000 ವರ್ಷಗಳಲ್ಲಿ ಅಷ್ಟು ಹತ್ತಿರ ಬಂದಿರಲಿಲ್ಲವಂತೆ. 75 ಪಟ್ಟು ಹಿಗ್ಗಿಸುವ ಟೆಲಿಸ್ಕೋಪಿನಲ್ಲಿ ನೋಡಿದರೆ, ಬರಿಗಣ್ಣಿಗೆ ಚಂದ್ರ ಕಾಣುವಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಯಾರೋ ಬರೆದರು. ಕೈಯಿಂದ ಕೈಗೆ ದಾಟುವಾಗ ಮೊದಲು ಟೆಲಿಸ್ಕೋಪು ಬಿದ್ದುಹೋಯಿತು. ಆಮೇಲೆ ಇಸವಿಯೂ ಬಿತ್ತು. ಚಂದ್ರನೊಬ್ಬ ಉಳಿದುಕೊಂಡ.

ಸುಮ್ನೆ ಬಿಡಬಹುದಿತ್ತು. ಆದರೆ ನನ್ನ ಚಾಳಿ ಬಿಡಬೇಕಲ್ಲ. ಹಳೇ ಕವರಿನ ಹಿಂದೆ ಲೆಕ್ಕ ಹಾಕಿದೆ. ಮಂಗಳ ಅಗಲದಲ್ಲಿ ಚಂದ್ರನ ಎರಡರಷ್ಟು. ಚಂದ್ರ ಇರುವುದು ಸುಮಾರು 3,84,000 ಕಿ.ಮೀ. ದೂರದಲ್ಲಿ. ಮಂಗಳ ಅವತ್ತು, ಅಷ್ಟು ಹತ್ತಿರ ಬಂದಾಗಲೂ, ಇದ್ದದ್ದು ಐದೂವರೆ ಕೋಟಿ ಕಿ.ಮೀ. ಆಚೆ. ದೂರ 145 ಪಟ್ಟು, ಗಾತ್ರ ಎರಡೇ ಪಟ್ಟು. ಚಂದ್ರನ ಪಕ್ಕ ಅದೊಂದು ಕೆಂಪು ಚುಕ್ಕಿ, ಅಷ್ಟೇ. ಕವರಿನ ಫೋಟೋ ತೆಗೆದು ಚಿಕ್ಕಪ್ಪನಿಗೆ ಕಳಿಸಿದೆ.

ತಕ್ಷಣ ಫೋನ್ ಬಂತು. "ಲೆಕ್ಕ ಎಲ್ಲಾ ಸರಿ ಕಣೋ. ಒಂದು ಸಲ ತಲೆ ಎತ್ತಿ ನೋಡೋದಕ್ಕೆ ನಿನ್ನ ಗಂಟೇನು ಹೋಗುತ್ತೆ?"

ಉತ್ತರ ಹೊಳೆಯಲಿಲ್ಲ. ಹಲ್ಲುಜ್ಜಲು ಹೋದೆ. ಮಗಳು ಕೊಡಿಸಿದ ವಾಚು ಕೈಯಲ್ಲಿತ್ತು. ಕನ್ನಡಿ ಮುಂದೆ ಅಲ್ಲಾಡದೆ ನಿಂತು ಉಜ್ಜಿದ್ದಕ್ಕೆ ಅದು ನನ್ನ ಖಾತೆಗೆ 46 ಹೆಜ್ಜೆ ಹಾಕಿತು. ಪಾಪ, ಹೆಜ್ಜೆ ಎಣಿಸುವಾಗ ಅದಕ್ಕೆ ಗೊತ್ತಾಗುವುದು ಕೈಯ ಅಲುಗಾಟ ಮಾತ್ರ. ಕಾಲು ಎಲ್ಲಿದೆಯೋ ಅದಕ್ಕೇನು ಗೊತ್ತು? ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯೂ ಯಾವ ಡಾಕ್ಟರ ಚೀಟಿಯಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರೇ 'ಮಾನ್‌ಪೊ-ಕೇ', ಅಂದರೆ ಹತ್ತುಸಾವಿರ ಹೆಜ್ಜೆಯ ಮೀಟರ್. ಇದನ್ನೆಲ್ಲ ಮಗಳಿಗೆ ಹೇಳಿದ್ದೇನೆ. "ಅಪ್ಪಾ, ನಡೀರಿ ಸಾಕು" ಎನ್ನುತ್ತಾಳೆ.

ಮಧ್ಯಾಹ್ನ ಅಂಗಡಿಯ ಕೌಂಟರಿನಲ್ಲಿ ಕಾರ್ಡು ಕೊಟ್ಟೆ. ಆಗಲಿಲ್ಲ. ಇನ್ನೊಮ್ಮೆ ಹಾಕಿದರು. ಊಹೂಂ. ಹಿಂದೆ ಸಾಲಿನಲ್ಲಿದ್ದವರು ಕಾಲು ಬದಲಿಸುವ ಸದ್ದು ಕೇಳುತ್ತಿತ್ತು. ಜೇಬಿನಲ್ಲಿದ್ದ ನೋಟು ಸಾಲಲಿಲ್ಲ, ಅರ್ಧ ಸಾಮಾನು ವಾಪಸ್ ಇಟ್ಟೆ.

ಹೊರಗೆ ಬಂದು ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ ರೇಗಿದೆ. ಆ ಕಡೆಯ ಹುಡುಗಿ ತಾಳ್ಮೆಯಿಂದ ಹೇಳಿದಳು: "ಸರ್, ನಿಮ್ಮ ಕಾರ್ಡಿನ ಅವಧಿ ಮುಗಿದಿದೆ. ಮೂರು ಸಲ ಮೆಸೇಜ್ ಕಳಿಸಿದ್ದೀವಿ. ಕೊರಿಯರ್‌ನವರು ಎರಡು ಸಲ ಫೋನ್ ಮಾಡಿದ್ದಾರೆ. ನೀವು ಅವರ ನಂಬರ್ ಬ್ಲಾಕ್ ಮಾಡಿದ್ದೀರಂತೆ."

ಮಾಡಿದ್ದೆ. 'ನಿಮ್ಮ ಕಾರ್ಡು ಸ್ಥಗಿತವಾಗಲಿದೆ' ಎಂದು ಬರುವುದೆಲ್ಲ ಮೋಸವೇ ಎಂದು ಊರಿಗೆಲ್ಲ ಪಾಠ ಹೇಳಿದವನು ನಾನು. ಮೆಸೇಜಿನಲ್ಲಿದ್ದ ಲಿಂಕು ಒತ್ತದಿದ್ದದ್ದು ಸರಿಯೇ, ಅದರಲ್ಲಿ ಈಗಲೂ ಅನುಮಾನವಿಲ್ಲ. ಆದರೆ ಕಾರ್ಡು ಜೇಬಿನಲ್ಲೇ ಇತ್ತಲ್ವಾ? ತಿಂಗಳು, ವರ್ಷ ಎರಡೂ ಅದರ ಮೇಲೇ ಅಚ್ಚಾಗಿದ್ದವು. ಮಂಗಳಕ್ಕೆ ಹತ್ತು ನಿಮಿಷ ಕೊಟ್ಟವನು ಅದನ್ನು ಹೊರತೆಗೆದು ನೋಡಿರಲಿಲ್ಲ.

ರಾತ್ರಿ ಒಂಬತ್ತಕ್ಕೆ ಮತ್ತೆ ಚಿಕ್ಕಪ್ಪನ ಫೋನ್. "ಮೋಡ ಕಣೋ. ಇಲ್ದಿದ್ರೆ ಕಾಣ್ತಿತ್ತು. ನೀನು ನೋಡಿದ್ಯಾ?"

"ಅಯ್ಯೋ, ನಾನ್ಯಾಕೆ ತಾರಸಿಗೆ ಹೋಗಲಿ ಚಿಕ್ಕಪ್ಪ" ಎಂದೆ.

ವಾಚು ನೋಡಿಕೊಂಡೆ. ಎರಡು ಮಹಡಿ ಹತ್ತಿದ್ದನ್ನು ಅದು ಸರಿಯಾಗಿಯೇ ಎಣಿಸಿಟ್ಟಿತ್ತು.